ನೆಲಕ್ಕೆ ಉದುರಿದ ಹುಲ್ಲಿನ ಬಿತ್ತನೆ

ಆ ಸೋಮವಾರ ನಾನೂ ಸಿದ್ದಕ್ಕನೂ ಗಿನಿ ಹುಲ್ಲಿನ ತಾಕಿಗೆ ಇಳಿದಾಗ ಮಂಜು ಇನ್ನೂ ಆರಿರಲಿಲ್ಲ. ಹುಲ್ಲು ನಮ್ಮ ತಲೆಗಿಂತ ಎತ್ತರಕ್ಕೆ ಬೆಳೆದು ತೆನೆ ಬಿಚ್ಚಿತ್ತು. ಸಿದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಲಿನ ನಡುವೆ ಹೋಗಿ, ಒಂದು ತೆನೆಯನ್ನು ಮುಷ್ಟಿಯೊಳಗೆ ಸಡಿಲವಾಗಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದಳು. ಅಂಗೈ ಬಿಚ್ಚಿ ನೋಡಿದಳು. ಇನ್ನೊಂದು ಸಾಲಿಗೆ ಹೋಗಿ ಮತ್ತೆ ಹಾಗೆಯೇ ಮಾಡಿದಳು.

"ಇವತ್ತು ಬ್ಯಾಡ ಕಣಮ್ಮಿ ರಾಜಿ. ಇನ್ನೂ ಕೈ ಬುಡ್ತಾ ಇಲ್ಲ" ಎಂದಳು.

"ಯಾವತ್ತು ಮತ್ತ?"

"ಬುಧವಾರ. ಮಂಜು ಆರಿದ ಮ್ಯಾಕೆ."

"ಮೇಡಂ ಕೇಳ್ತಾರ ಅಕ್ಕ. ರಿಜಿಸ್ಟರ್‌ಗೆ ಯಾನ ಅಂತ ಬರೀಲಿ?"

"ಬುಧವಾರ ಅಂತ ಸಿದ್ದಮ್ಮ ಅಂದ್ಲು, ಅಂತ ಬರಿ. ಬರುದ್ರ ನಿನ್ ಪೆನ್ನೇನು ಸವೆದೋದದಾ?"

ಆವತ್ತು ಬೇರೆ ಕೆಲಸ ಮಾಡಿದೆವು. ಅಲಸಂದೆ ಕಾಯಿ ಬಿಡಿಸಿದೆವು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಸಿದ್ದಕ್ಕ ನನ್ನ ಮುದ್ದೆ ನೋಡಿ, "ಇದೇನಮ್ಮಿ, ಗೋಡೆಗೆ ಒಡುದ್ರೆ ಗೋಡೆ ಬಿದ್ದೋದದು" ಎಂದು ಎಲ್ಲರನ್ನೂ ನಗಿಸಿದಳು. ಸಂಜೆ ಹನೂರಿನ ಕಡೆಯ ಬಸ್ಸು ಬಂತು. ಅವಳು ಹತ್ತಿದಳು, ನಾನು ಕೊಳ್ಳೇಗಾಲದ ಕಡೆಯ ಬಸ್ಸಿಗೆ ಎದುರು ಬದಿಯಲ್ಲಿ ನಿಂತೆ. ಕಿಟಕಿಯಿಂದ ಕೈ ಆಡಿಸಿದಳೋ ಇಲ್ಲವೋ ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳಬೇಕಾದ ದಿನ ಅಂತ ಅನ್ನಿಸಿರಲಿಲ್ಲ.

ನಾನು ಹುಲ್ಲಿನ ಫಾರಂನಲ್ಲಿ ದಿನಗೂಲಿಯಾಗಿ ಸೇರಿ, ಕ್ಷೇತ್ರ ಸಹಾಯಕಿಯಾಗಿ ನಿವೃತ್ತಳಾದವಳು. ನಡುವೆ ಏನೇನು ಹುದ್ದೆ ಕೊಟ್ಟರು ಅನ್ನುವುದು ಯಾರಿಗೂ ಉಪಯೋಗಕ್ಕೆ ಬರುವ ವಿಷಯವಲ್ಲ. ಫಾರಂಗೆ ಈಗ ಹೊಸಬರು ಸೇರುತ್ತಿದ್ದಾರೆ. ಕಾಲೇಜಿನಲ್ಲಿ ಓದಿ ಬಂದವರು. ಪುಸ್ತಕದಲ್ಲಿ ಇರುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಇಲ್ಲದ ಒಂದಷ್ಟನ್ನು ಬರೆದುಕೊಡಿ ಎಂದು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕುಳಿತರೆ ಸಿದ್ದಕ್ಕನೇ ಮುಂದೆ ಬರುತ್ತಾಳೆ. ಅದಕ್ಕೇನೂ ಮಾಡುವಂತಿಲ್ಲ.

ನಾನು ಸೇರಿದ ಹೊಸದರಲ್ಲಿ ನಮ್ಮೂರು ಮುಳ್ಳೂರಿನಲ್ಲಿ ನನ್ನ ಕೆಲಸ ಏನೆಂದು ಹೇಳುವುದೇ ಕಷ್ಟವಾಗಿತ್ತು. ಪಕ್ಕದ ಮನೆಯ ಯಜಮಾನರು ಜಗುಲಿಯ ಮೇಲೆ ಕೂತು ಕೇಳಿದರು: "ಯಾನವ್ವ ಕೆಲ್ಸ?"

"ಹುಲ್ಲಿನ ಬಿತ್ತನೆ ಮಾಡೋದು ಮಾವ."

"ಹುಲ್ಗೂ ಬಿತ್ನೆಯಾ! ನಮ್ ಒಲದಲ್ಲಿ ಬ್ಯಾಡ ಅಂದ್ರೂ ಬತ್ತದಲ್ಲವ್ವ. ಸರ್ಕಾರ್‌ದೋರ್ಗ ಯೋಳು, ಬಂದು ಪುಕ್ಕಟೆ ಕಿತ್ಕಂಡೋಗ್ಲಿ."

ಅವರು ಹೇಳಿದ್ದು ತಪ್ಪೇನಲ್ಲ. ಅವರ ಹೊಲಕ್ಕೆ ನೀರಿತ್ತು. ಯಳಂದೂರಿನ ಕಡೆಗೂ ಕಾಲುವೆ ನೀರು ಇದೆ, ಬದುವಿನ ಮೇಲೆ ಹಸಿರು ಇರುತ್ತದೆ. ಅಲ್ಲಿಯವರಿಗೆ ಮೇವು ಬೇಕಾದರೆ ನೇಪಿಯರ್ ಹುಲ್ಲಿನ ಕಡ್ಡಿ ಕೊಟ್ಟರೆ ಸಾಕು, ಕಬ್ಬಿನ ಹಾಗೆ ನೆಟ್ಟುಕೊಳ್ಳುತ್ತಾರೆ. ಹನೂರು ದಾಟಿ ಕೌದಳ್ಳಿ ಕಡೆಗೆ ಹೋದರೆ ಕಥೆ ಬೇರೆ. ಕಲ್ಲುನೆಲ, ಮಳೆ ಬಂದಾಗ ಬಂತು. ದನಗಳನ್ನು ಮೊದಲಿನ ಹಾಗೆ ಕಾಡಿಗೆ ಅಟ್ಟುವುದಕ್ಕೂ ಬಿಡುವುದಿಲ್ಲ. ಅಲ್ಲಿಗೆ ಕಡ್ಡಿ ಹೊತ್ತುಕೊಂಡು ಹೋದರೆ ದಾರಿಯಲ್ಲೇ ಒಣಗುತ್ತದೆ, ನೆಟ್ಟರೆ ನೀರಿಲ್ಲದೆ ಸಾಯುತ್ತದೆ. ಬಿತ್ತನೆಯಾದರೆ ಮಡಿಲಲ್ಲಿ ಕಟ್ಟಿಕೊಂಡು ಹೋಗಬಹುದು. ಮಳೆ ಬಂದ ದಿನ ಎರಚಿ, ಮಣ್ಣು ಮುಚ್ಚುವಂತೆ ಮೇಲೆ ಮುಳ್ಳುಕೊಂಬೆ ಎಳೆದರೆ ಆಯಿತು. ಹೊಸಬರು ಮೊದಲು ಇದನ್ನು ತಿಳಿದುಕೊಳ್ಳಬೇಕು. ಹುಲ್ಲಿಗೆ ಬಿತ್ತನೆ ಬೇಕಾಗಿರುವುದು ನೀರಿಲ್ಲದವರಿಗೆ.

ಸಿದ್ದಕ್ಕ ಆ ಕಡೆಯವಳು. ಕೌದಳ್ಳಿಯಿಂದಾಚೆ ಕಾಡಂಚಿನ ಊರು. ಮನೆಯಲ್ಲಿ ಎರಡು ಹಸು, ಒಂದಷ್ಟು ಮೇಕೆ. ಅವಳ ಗಂಡ ಮಾದಪ್ಪ ಭಾವ ಅವುಗಳ ಹಿಂದೆಯೇ ಬದುಕು ಕಳೆದವರು. ನನಗಿಂತ ಆರು ವರ್ಷಕ್ಕೆ ದೊಡ್ಡವಳು ಸಿದ್ದಕ್ಕ. ಓದು ಬರದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಎಂದು ನನ್ನನ್ನು ಚೀಟಿ ಬರೆಯುವುದಕ್ಕೆ ಕೂರಿಸಿದರು, ಅವಳನ್ನು ತಾಕಿಗೆ ಕಳಿಸಿದರು. ಚೀಟಿ ಬರೆಯುವುದು ವರ್ಷದಲ್ಲಿ ಹತ್ತು ದಿನದ ಕೆಲಸ. ಉಳಿದ ದಿನಗಳಲ್ಲಿ ನಾನೂ ತಾಕಿನಲ್ಲೇ ಇದ್ದೆ, ಅವಳ ಜೋಡಿಯಾಗಿ.

ಜೋಡಿ ಅಂದೆ. ಗಿನಿ ಹುಲ್ಲಿನ ಬೀಜ ಉದುರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಹಳೆಯ ಸೀರೆಯ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲಿನ ಹಾಗೆ ಚಾಚಬೇಕು. ಇನ್ನೊಬ್ಬರು ಎದುರು ನಿಂತು ತೆನೆಗಳನ್ನು ಬಗ್ಗಿಸಿ ಎರಡು ಸಲ ಮೆಲ್ಲಗೆ ತಟ್ಟಬೇಕು. ಬಲಿತದ್ದು ಬೀಳುತ್ತದೆ, ಎಳೆಯದು ಉಳಿಯುತ್ತದೆ. ಜೋರಾಗಿ ತಟ್ಟಿದರೆ ಎಳೆಯದೂ ಬಿದ್ದು ಜೊಳ್ಳು ತುಂಬುತ್ತದೆ. ಒಂದೇ ತೆನೆಯಲ್ಲಿ ತುದಿಯದು ಉದುರುವಾಗ ಬುಡದ್ದು ಹಾಲುಗಾಳಾಗಿರುತ್ತದೆ. ಹಾಗಾಗಿ ಮೂರು ನಾಲ್ಕು ಸಲ ಉದುರಿಸಬೇಕು. ಆದರೆ ಅದರಲ್ಲಿ ಒಂದು ಸಲ ಮಾತ್ರ ಮುಕ್ಕಾಲು ಪಾಲು ಬೀಜ ಬರುತ್ತದೆ. ಸಿದ್ದಕ್ಕ ಅದನ್ನು 'ದೊಡ್ಡ ಉದುರು' ಅನ್ನುತ್ತಿದ್ದಳು. ಆ ದಿನಕ್ಕಿಂತ ಒಂದು ದಿನ ಮುಂಚೆ ಹೋದರೆ ಜೊಳ್ಳು, ಎರಡು ದಿನ ತಡವಾದರೆ ನೆಲದ ಪಾಲು. ಆ ದಿನ ಯಾವುದೆಂದು ಅವಳು ಹೇಳುತ್ತಿದ್ದಳು, ನಾವು ಮಾಡುತ್ತಿದ್ದೆವು.

ತಪ್ಪುಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ನನ್ನದೇ.

ಬೇಲಿಮೆಂತ್ಯ ಅನ್ನುವ ಮೇವಿನ ಗಿಡದ ಬೀಜ ನೋಡಿದವರಿಗೆ ಗೊತ್ತು, ಕಂದು ಬಣ್ಣದ, ಕಲ್ಲಿನಷ್ಟು ಗಟ್ಟಿಯಾದ ಸಣ್ಣ ಬೀಜ. ಹಾಗೆಯೇ ಬಿತ್ತಿದರೆ ಸಿಪ್ಪೆಯೊಳಗೆ ನೀರು ಇಳಿಯುವುದಿಲ್ಲ. ನೀರನ್ನು ಕುದಿಸಿ, ಒಲೆಯಿಂದ ಕೆಳಗಿಳಿಸಿ, ಸ್ವಲ್ಪ ಆರಲು ಬಿಟ್ಟು, ಬೀಜದ ಗಂಟನ್ನು ನಾಲ್ಕು ನಿಮಿಷ ಅದ್ದಿ ತೆಗೆಯಬೇಕು. ಆಗ ನಮ್ಮ ಮ್ಯಾನೇಜರ್ ಶಿವನಂಜಪ್ಪನವರು. ಇದನ್ನು ನನಗೆ ಎರಡು ಸಲ ಹೇಳಿಕೊಟ್ಟಿದ್ದರು. ನಾನು ಗಂಟನ್ನು ಒಲೆಯ ಮೇಲಿದ್ದ ನೀರಿನೊಳಗೇ ಬಿಟ್ಟು, ಹಾಜರಿಗೆ ಸಹಿ ಮಾಡಲು ಹೋದೆ. ಅಲ್ಲಿ ಯಾರೋ ಮಾತಿಗೆ ಸಿಕ್ಕರು. ವಾಪಸು ಬರುವಾಗ ಶೆಡ್ಡಿನಿಂದ ಬೇಯಿಸಿದ ಕಾಳಿನ ವಾಸನೆ ಬರುತ್ತಿತ್ತು. ಸಿದ್ದಕ್ಕ ಒಲೆಯ ಮುಂದೆ ಕೂತು ಸೌಟಿನಲ್ಲಿ ತಿರುವುತ್ತಿದ್ದಳು.

"ಉಪ್ಪು, ಮೆಣಸಿನ್‌ಕಾಯಿ ತಕಬಾಮ್ಮಿ. ಉಪ್ಸಾರು ಮಾಡಮ. ಸಾಹೇಬ್ರಿಗೂ ಒಂದ್ ಲೋಟ ಕೊಡಮ."

ಶಿವನಂಜಪ್ಪನವರು ಬಂದು ಪಾತ್ರೆ ನೋಡಿದರು. ಬೈಯಲಿಲ್ಲ. "ಇದನ್ನ ಚೆಲ್ಲಬೇಡಮ್ಮ. ಆರನೇ ಸಾಲಿಗೆ ಬಿತ್ತು. ಹತ್ತು ದಿನ ನೀರು ಹಾಕು. ದಿನಾ ಬೆಳಿಗ್ಗೆ ಹೋಗಿ ನೋಡಿ, ಎಷ್ಟು ಹುಟ್ಟಿದೆ ಅಂತ ಬಂದು ಹೇಳು" ಎಂದರು. ಹತ್ತು ದಿನವೂ ಹೋಗಿ "ಹುಟ್ಟಿಲ್ಲ ಸಾ" ಎಂದೆ. ಹನ್ನೊಂದನೆಯ ದಿನ ಅವರು ಹೊಸ ಬೀಜ ಕೊಟ್ಟರು. ಅದಾದ ಮೇಲೆ ಒಲೆ ಬಿಟ್ಟು ನಾನು ಎದ್ದವಳಲ್ಲ.

ಎರಡನೆಯ ತಪ್ಪು ಸ್ವತಃ ಶಿವನಂಜಪ್ಪನವರದು. ಗಿನಿ ಹುಲ್ಲಿನ ಮೊದಲ ಸುಗ್ಗಿ. ಎಲ್ಲರಿಗೂ ಆತುರ. ಉದುರಿಸಿ ತಂದ ವಾರಕ್ಕೇ ಬೀಜವನ್ನು ಒದ್ದೆ ಕಾಗದದ ಮೇಲೆ ಇಟ್ಟು ಮೊಳಕೆ ನೋಡಿದರು. ಒಂದೂ ಬರಲಿಲ್ಲ. ಇನ್ನೊಂದು ಸಲ ಇಟ್ಟರು, ಬರಲಿಲ್ಲ. "ಸತ್ತ ಬೀಜ" ಎಂದು ಬರೆದು ಅಷ್ಟೂ ಚೀಲವನ್ನು ತಿಪ್ಪೆಗೆ ಸುರಿಸಿದರು. ಸಿದ್ದಕ್ಕ ಚೀಲ ಹೊತ್ತುಕೊಂಡು ಹೋಗುವಾಗ, "ಸತ್ತದ್ದು ಇಷ್ಟು ತೂಕ ಬರಕಿಲ್ಲ ಸಾ" ಎಂದಿದ್ದಳು. ಅವರು ಕೇಳಿಸಿಕೊಳ್ಳಲಿಲ್ಲ.

ಮುಂದಿನ ಮುಂಗಾರಿಗೆ ತಿಪ್ಪೆ ಕಾಣಿಸದಷ್ಟು ಹುಲ್ಲು ಬಂತು. ಗಿನಿ ಹುಲ್ಲಿನ ಬೀಜ ಉದುರಿದ ಮೇಲೆ ಕೆಲವು ತಿಂಗಳು ನಿದ್ದೆ ಮಾಡುತ್ತದೆ, ಅಷ್ಟರೊಳಗೆ ಎಬ್ಬಿಸಿದರೆ ಏಳುವುದಿಲ್ಲ. ಅವರಿಗೆ ಪುಸ್ತಕದಲ್ಲಿ ಓದಿದ ನೆನಪು ಆಗ ಬಂತು. ಶಿವನಂಜಪ್ಪನವರು ತಿಪ್ಪೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಒಳಗೆ ಹೋಗಿ ರಿಜಿಸ್ಟರ್ ತೆಗೆಸಿ, 'ಸತ್ತ ಬೀಜ' ಎಂದಿದ್ದ ಸಾಲಿನ ಕೆಳಗೆ 'ಇದು ನನ್ನ ತಪ್ಪು. ಬೀಜ ಜೀವಂತವಿತ್ತು' ಎಂದು ಬರೆದು ಸಹಿ ಹಾಕಿದರು. ಆಮೇಲೆ ಸಿದ್ದಕ್ಕನನ್ನು ಕರೆದು ಅದನ್ನು ಓದಿ ಹೇಳಿದರು. ಮೇಲಧಿಕಾರಿ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಪುಟವನ್ನು ನೆನೆಸಿಕೊಳ್ಳುತ್ತೇನೆ.

ಬೀಜ ಬೆಳೆಯುವ ರೈತರ ಹೊಲಗಳಿಗೂ ನಾವು ಹೋಗಬೇಕಾಗಿತ್ತು. ಪಾಲಾರ್ ಕಡೆ ಎರಡು ಭಾಷೆ ಒಟ್ಟಿಗೆ ಆಡುವವರ ಊರುಗಳಿವೆ. ಅಲ್ಲಿ ಚಿನ್ನತಾಯಿ ಅನ್ನುವ ಅಜ್ಜಿ ಸ್ಟೈಲೋ ಹಾಕಿದ್ದರು. ಸ್ಟೈಲೋ ಅಂದರೆ ಹಳದಿ ಹೂವಿನ, ನೆಲಕ್ಕೆ ಅಂಟಿ ಬೆಳೆಯುವ ಕಾಳುಜಾತಿಯ ಮೇವು. ನಾವು ಹೋದಾಗ ಅಜ್ಜಿ ಹೊಲವನ್ನು ತೆಂಗಿನ ಕಡ್ಡಿಯ ಪೊರಕೆಯಲ್ಲಿ ಅಂಗಳದ ಹಾಗೆ ಗುಡಿಸುತ್ತಿದ್ದರು. ಗುಡಿಸಿದ ಮಣ್ಣನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ ಬೀಜ ತೆಗೆಯುತ್ತಿದ್ದರು.

"ಗಿಡದಲ್ಲೇ ಕಿತ್ಕಬೋದಲ್ಲ ಅಜ್ಜಿ, ಸುಲಭ" ಎಂದೆ.

"ಯಾಕ ಕಣ್ಣು, ಅದರ ಮೇಲೆ ಕೈ ಹಾಕ್ತಿ? ತಾನಾ ಬಿದ್ದದ್ದು ತಾನ್ ನಲ್ಲ ವಿದೈ" ಎಂದರು. ನಲ್ಲ ವಿದೈ ಅಂದರೆ ತಮಿಳಿನಲ್ಲಿ ಒಳ್ಳೆಯ ಬಿತ್ತನೆ.

ಸಿದ್ದಕ್ಕ ಬಸ್ಸಿನಲ್ಲಿ ವಾಪಸು ಬರುವಾಗ, "ಒಲಾನೂ ಗುಡಿಸೋ ಕಾಲ ಬಂತು. ನಂಗ ಮನೆ ಗುಡಿಸಕ್ಕೇ ಪುರ್ಸೊತ್ತಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಸ್ಟೈಲೋ ಬೀಜವನ್ನು ಮಾತ್ರ ಆಮೇಲೆ ನಾವೂ ಗುಡಿಸಿಯೇ ತೆಗೆಯುತ್ತಿದ್ದೆವು.

ಶಿವನಂಜಪ್ಪನವರು ಹೋದ ಮೇಲೆ ಮೂರು ನಾಲ್ಕು ಜನ ಬಂದು ಹೋದರು. ಕೊನೆಗೆ ಸುಜಾತಾ ಮೇಡಂ ಬಂದರು. ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು. ಅವರ ಜೊತೆಗೆ ಕಂಪ್ಯೂಟರ್ ಬಂತು, ತಾಕಿಗೊಂದು ನಂಬರ್ ಬಂತು, ಬೀಜದ ತೇವ ಅಳೆಯುವ ಯಂತ್ರ ಬಂತು. ಒಳ್ಳೆಯದೇ ಆಯಿತು. ತೇವವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದ ನಾವು ಎಷ್ಟೋ ಚೀಲಕ್ಕೆ ಬೂಷ್ಟು ಹಿಡಿಸಿದ್ದೆವು. ಆದರೆ ಸಿದ್ದಕ್ಕ ದಿನ ಹೇಳುವುದು ಮಾತ್ರ ಅವರಿಗೆ ಒಗ್ಗಲಿಲ್ಲ.

"ಸಿದ್ದಮ್ಮಾರ, ಇದಕ್ಕ ಏನರ ಲೆಕ್ಕ ಐತೇನ್ರಿ? ಹೂವು ಬಿಟ್ಟ ಮ್ಯಾಲೆ ಎಷ್ಟನೇ ದಿನ? ಬಣ್ಣಾ ಹೆಂಗಿರಬೇಕು? ಕೈ ಹೇಳತೈತಿ ಅಂದ್ರ ನಾ ವರದಿಯೊಳಗ ಏನಂತ ಬರೀಲಿ?"

"ಕೈನೇ ಕಳಿಸ್ಲಾ ಮೇಡಂ? ಪೋಸ್ಟಲ್ಲಿ ಆಕಿ" ಎಂದಳು ಸಿದ್ದಕ್ಕ. ಮೇಡಂಗೆ ನಗು ತಡೆಯಲಾಗಲಿಲ್ಲ. ಆದರೂ ವಿಷಯ ನಗುವಂಥದ್ದಾಗಿರಲಿಲ್ಲ. ಎರಡು ವರ್ಷದಿಂದ ಗಿನಿ ಬೀಜ ಮೊಳಕೆ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಒಂದು ವರ್ಷ ಮೇಲಿನವರ ಆತುರಕ್ಕೆ ದೊಡ್ಡ ಉದುರಿಗೆ ಮುಂಚೆಯೇ ಕುಡುಗೋಲು ಹಾಕಿಸಿದ್ದರು. ಇನ್ನೊಂದು ವರ್ಷ ಸಿಮೆಂಟ್ ಕಣದ ಬಿಸಿಲಿನಲ್ಲಿ ರಾಗಿಯ ಹಾಗೆ ಒಣಗಿಸಿ ಸುಟ್ಟಿದ್ದರು. ಈ ಬೀಜವನ್ನು ನೆರಳಲ್ಲೇ ಒಣಗಿಸಬೇಕು, ಇದನ್ನು ಮಾತ್ರ ಮರೆಯಬೇಡಿ. ಮೇಲಿನಿಂದ ಕಾಗದ ಬಂತು. ಈ ಸಲವೂ ಬೀಜ ಪಾಸಾಗದಿದ್ದರೆ ಗಿನಿ ತಾಕನ್ನು ಉತ್ತು ನೇಪಿಯರ್ ಕಡ್ಡಿ ಹಾಕುವುದು ಎಂದು. ಮೇಡಂ ಅದನ್ನು ನಮಗೆ ಓದಿ ಹೇಳಿದರು. ಈ ಸಲ ದಿನ ಹೇಳುವುದು, ಒಣಗಿಸುವುದು ಎಲ್ಲವನ್ನೂ ನಿಮಗೇ ಬಿಡುತ್ತೇನೆ, ಒಂದು ಸುಗ್ಗಿ ನೋಡೋಣ ಎಂದರು.

ಸಿದ್ದಕ್ಕ ಆವತ್ತು ಬುತ್ತಿ ಬಿಚ್ಚಲಿಲ್ಲ. "ಕಡ್ಡಿ ಹಾಕುದ್ರ ನಮ್ ಕಡೀಕ ಯಾನ ಬಂದದಮ್ಮಿ? ನಮ್ಮೂರ ದನ ಬಸ್ ಅತ್ಕಂಡು ಯಳಂದೂರ್ಗ ಓಗಿ ಮೇದಾವಾ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಈ ಸಲ ಬುಡಕಿಲ್ಲ. ಒಂದ್ ಕಾಳೂ ಬುಡಕಿಲ್ಲ" ಎಂದಳು.

ಬುಧವಾರ ಎಂದು ಅವಳು ಹೇಳಿದ್ದು ಆ ಸುಗ್ಗಿಯ ದೊಡ್ಡ ಉದುರಿಗೆ.

ಮಂಗಳವಾರ ಬೆಳಿಗ್ಗೆ ಹನೂರಿನ ಬಸ್ಸಿನಿಂದ ಅವಳು ಇಳಿಯಲಿಲ್ಲ. ಒಂಬತ್ತು ಗಂಟೆಗೆ ಫೋನ್ ಬಂತು. ಹಸುವಿಗೆ ನೀರು ಇಡಲು ಹೋದವಳು ಕೊಟ್ಟಿಗೆಯ ಬಾಗಿಲಲ್ಲೇ ಕೂತಳಂತೆ, ಎದೆ ಹಿಡಿದುಕೊಂಡಿತು ಅಂದಳಂತೆ. ಗಾಡಿ ತರುವಷ್ಟರಲ್ಲಿ ಮುಗಿದಿತ್ತು. ನಾವು ಒಂಬತ್ತು ಜನ ಹೆಂಗಸರು ಸಿಕ್ಕ ಬಸ್ಸು ಹತ್ತಿ ಹೋದೆವು.

ಇಲ್ಲಿ ನಾನು ಮಾಡಿದ್ದನ್ನು ಸರಿಯಾಗಿ ಬರೆಯಬೇಕು. ಬುಧವಾರ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ತಮಗಾದ ದುಃಖ ಹೇಳಿ, ಆಮೇಲೆ ಮೆಲ್ಲಗೆ, "ರಾಜಮ್ಮಾರ, ಕೇಳಬಾರದು, ಆದರೂ ಕೇಳತೇನಿ. ಇವತ್ತ ಬುಧವಾರ. ಬ್ಯಾರೆ ಆಳ್ನ ಹಚ್ಚಲೇನ್ರಿ?" ಎಂದರು. ಫಾರಂನಲ್ಲಿ ಬೇರೆ ಆಳುಗಳಿದ್ದರು. ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ನಮ್ಮಲ್ಲಿ ಒಂದು ನಡೆಯಿದೆ. ಒಟ್ಟಿಗೆ ಕೆಲಸ ಮಾಡುವ ಗುಂಪಿನಲ್ಲಿ ಯಾರಾದರೂ ತೀರಿಕೊಂಡರೆ, ಅವರು ಕೈ ಇಟ್ಟಿದ್ದ ಬೆಳೆಯನ್ನು ಮೂರನೆಯ ದಿನದ ಹಾಲು ತುಪ್ಪ ಆಗುವವರೆಗೆ ಯಾರೂ ಮುಟ್ಟುವುದಿಲ್ಲ. ಭತ್ತಕ್ಕಾಗಲಿ, ರಾಗಿಗಾಗಲಿ ಎರಡು ದಿನ ಹೋದರೆ ನಷ್ಟವಿಲ್ಲ. ಗಿನಿ ಹುಲ್ಲು ಹಾಗಲ್ಲ ಎಂದು ಆ ಗುಂಪಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಆಗ ಉಳಿದಿರಲಿಲ್ಲ.

"ಬ್ಯಾಡ ಮೇಡಂ, ಯಾರೂ ಮುಟ್ಟದು ಬ್ಯಾಡ" ಎಂದುಬಿಟ್ಟೆ.

ಗುರುವಾರ ಹಾಲು ತುಪ್ಪ ಮುಗಿಸಿ ಎಲ್ಲರೂ ಎದ್ದ ಮೇಲೆ ಮಾದಪ್ಪ ಭಾವ ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಎಂದಿನಂತಿತ್ತು.

"ಬುಧವಾರ ಉದುರಿಸ್ಬೇಕು ಅಂತಿದ್ಲು ಕಣವ್ವ. ಸೋಮವಾರ ರಾತ್ರಿ ಅದೇ ಮಾತು. ಉದುರಿಸಿದ್ರಾ?"

ನನ್ನ ಪಕ್ಕದಲ್ಲಿದ್ದ ಕೆಂಪಮ್ಮ, ನಮ್ಮ ಗುಂಪಿನವಳು, "ಇಲ್ಲ ಭಾವ. ಅಕ್ಕ ಓದ್ಲಲ್ಲ, ಯಾರೂ ಕೈ ಇಕ್ಲಿಲ್ಲ" ಎಂದಳು.

"ಅಯ್ಯೋ, ಅವಳು ಇದ್ದಿದ್ರ ಉಗ್ದು ಉಪ್ಪಾಕೋಳು ನಿಮ್ಗ" ಎಂದರು ಭಾವ. ಬೈದಂತಿರಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ.

ಶುಕ್ರವಾರ ತಾಕಿಗೆ ಹೋದೆ. ಗುರುವಾರ ಗಾಳಿ ಬೀಸಿತ್ತು. ತೆನೆಗಳೆಲ್ಲ ಹಗುರವಾಗಿ ನೆಟ್ಟಗೆ ನಿಂತಿದ್ದವು. ಒಂದನ್ನು ಮುಷ್ಟಿಯಲ್ಲಿ ಎಳೆದೆ. ಅಂಗೈಯಲ್ಲಿ ಸಿಪ್ಪೆ ಮಾತ್ರ ಉಳಿಯಿತು. ಮೇಡಂ ಬದುವಿನ ಮೇಲೆ ನಿಂತಿದ್ದರು. ಅವರು ಬರೆಯಬೇಕಾದ ವರದಿ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವರು ಹೋದ ಮೇಲೆ ನಾನು ಎರಡು ಬುಡಗಳ ನಡುವೆ ಹಾಗೇ ಕುಳಿತೆ. ಅಳುವುದಕ್ಕೆ ಅಂತಲೇ ಕುಳಿತೆ, ಮುಚ್ಚಿಡುವುದೇನು.

ತಲೆ ತಗ್ಗಿಸಿದ್ದರಿಂದ ಇರುವೆಗಳು ಕಂಡವು. ಸಾಲುಗಟ್ಟಿ ಹುಲ್ಲಿನ ಬೀಜ ಹೊತ್ತುಕೊಂಡು ಹೋಗುತ್ತಿದ್ದವು. ಸುತ್ತ ಸಿಪ್ಪೆಯೂ ಬಿದ್ದಿತ್ತು, ಜೊಳ್ಳೂ ಬಿದ್ದಿತ್ತು. ಅವು ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಇರುವೆಯ ಬಾಯಿಂದ ಕಾಳನ್ನು ಕಿತ್ತುಕೊಂಡು ಉಗುರಲ್ಲಿ ಒತ್ತಿದೆ. ಒಳಗೆ ಬಿಳಿ ಹಿಟ್ಟು ಗಟ್ಟಿಯಾಗಿತ್ತು. ಇನ್ನೊಂದು ಒತ್ತಿದೆ. ಅದೂ ಹಾಗೆಯೇ. ನಾವು ಸೀರೆಯಲ್ಲಿ ಹಿಡಿದ ಬೀಜದಲ್ಲಿ ಹತ್ತು ಒತ್ತಿದರೆ ನಾಲ್ಕೈದು ಪುಸಕ್ಕೆನ್ನುತ್ತಿದ್ದವು. ಇದು ಹಾಗಿರಲಿಲ್ಲ. ಆಗ ಪಾಲಾರ್ ಕಡೆಯ ಅಜ್ಜಿಯ ಮಾತು ನೆನಪಾಯಿತು.

ಕೆಂಪಮ್ಮನನ್ನು ಕೂಗಿದೆ. "ಪೊರಕೆ ತತ್ತಾ. ಇರೋವಷ್ಟೂ ತತ್ತಾ."

"ಯಾಕಕ್ಕ, ಮಿನಿಸ್ಟ್ರು ಬತ್ತಾರಾ?"

"ಹುಲ್ಲಿನ ತಾಕು ಗುಡಿಸಬೇಕು."

ಅವಳು ನನ್ನನ್ನೇ ನೋಡಿದಳು. ದುಃಖಕ್ಕೆ ನನಗೆ ಏನೋ ಆಗಿದೆ ಎಂದುಕೊಂಡಳಂತೆ, ಆಮೇಲೆ ಹೇಳಿದಳು. ಆದರೂ ಪೊರಕೆ ತಂದಳು. ಕುಡುಗೋಲಿನಲ್ಲಿ ಹುಲ್ಲನ್ನು ಬುಡಕ್ಕೆ ಕೊಯ್ದು ಹೊರಹಾಕಿ, ಸಾಲಿಗೊಬ್ಬರಂತೆ ಗುಡಿಸತೊಡಗಿದೆವು. ಇರುವೆ ಒಂದು ಕಡೆಯಿಂದ, ನಾವು ಒಂದು ಕಡೆಯಿಂದ. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿದರು. "ಯಾನ್ರವ್ವ, ಒಲಕ್ಕೆ ರಂಗೋಲಿ ಬುಟ್ಟೀರಾ?" ಎಂದು ಒಬ್ಬ ಕೇಳಿದ. "ಊಂ ಕಣ್ಲಾ, ನಿಮ್ಮವ್ವನ್ನೂ ಕರ್ಕಬಾ" ಎಂದಳು ಕೆಂಪಮ್ಮ. ಅಷ್ಟು ದಿನಗಳಲ್ಲಿ ನಾವು ನಕ್ಕಿದ್ದು ಅದೇ ಮೊದಲು.

ಗುಡಿಸಿದ್ದು ಬಹುಪಾಲು ಮಣ್ಣು. ದೊಡ್ಡ ಜರಡಿ, ಸಣ್ಣ ಜರಡಿ, ಆಮೇಲೆ ಮೊರ. ಬೀಜದಷ್ಟೇ ಗಾತ್ರದ ಮರಳು ಕೊನೆಗೂ ಪೂರಾ ಹೋಗಲಿಲ್ಲ. ಸೋಮವಾರದವರೆಗೆ ಅದೇ ಕೆಲಸ ಆಯಿತು. ಕೊನೆಗೆ ಸಿಕ್ಕಿದ್ದು ಹಿಂದಿನ ವರ್ಷಗಳಿಗಿಂತ ಕಡಿಮೆ. ಹೊಂಗೆ ಮರದ ನೆರಳಿನಲ್ಲಿ ಹರಡಿ ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ, ಮೇಡಂ ಮುಂದೆ ಇಟ್ಟೆ.

"ಇದರೊಳಗ ಮಣ್ಣ ಭಾಳ ಐತ್ರಿ" ಎಂದರು.

"ಐತೆ ಮೇಡಂ. ಬೀಜಾನೂ ಅದ. ನಾನು ಬ್ಯಾಡ ಅಂದಿದ್ದಕ್ಕೆ ಇಷ್ಟಾಗಿರಾದು. ಈಗ್ಲೇ ಟೆಸ್ಟ್ ಮಾಡ್ಬೇಡಿ. ಬೇಸಿಗೆ ಕಳೀಲಿ."

"ಅಲ್ಲೀತನಕ ಮ್ಯಾಲಿನವ್ರಿಗೆ ಏನ ಹೇಳ್ಲಿ?"

ನಾನು ಹಳೆಯ ರಿಜಿಸ್ಟರ್ ಹುಡುಕಿ ತಂದು ಶಿವನಂಜಪ್ಪನವರು ಸಹಿ ಹಾಕಿದ್ದ ಪುಟ ತೆರೆದು ಅವರ ಮುಂದಿಟ್ಟೆ. ಓದಿದರು. ಎರಡನೆಯ ಸಲ ಓದಿದರು. ಮೇಲಿನವರಿಗೆ ಏನು ಬರೆದರೋ ನನಗೆ ತೋರಿಸಲಿಲ್ಲ. ತಾಕಿಗೆ ಟ್ರ್ಯಾಕ್ಟರ್ ಮಾತ್ರ ಇಳಿಯಲಿಲ್ಲ. ಒಮ್ಮೆ ಉಳುವುದಕ್ಕೆ ಬಂದ ಆಳನ್ನು ಅವರೇ ಗೇಟಿನಿಂದ ವಾಪಸು ಕಳಿಸಿದ್ದನ್ನು ನಾನು ನೋಡಿದ್ದೇನೆ.

ಮುಂಗಾರು ಬರುವ ಮುಂಚೆ ಬೀಜವನ್ನು ಒದ್ದೆ ಕಾಗದದ ಮೇಲೆ ಎಣಿಸಿ ಇಟ್ಟೆವು. ನಾಲ್ಕು ತಟ್ಟೆ. ಮೂರನೆಯ ದಿನ ಏನೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಬಾಗಿಲು ತಳ್ಳಿ ಒಳಗೆ ಹೋದರೆ ಮೇಡಂ ನನಗಿಂತ ಮುಂಚೆ ಬಂದು ತಟ್ಟೆಯ ಮೇಲೆ ಬಾಗಿದ್ದರು. ಬಿಳಿಯ ಬೇರುಗಳು ನೂಲಿನಂತೆ ಕಾಗದ ಹಿಡಿದುಕೊಂಡಿದ್ದವು. ಅವರು ಎಣಿಸಿದರು, ನಾನು ಎಣಿಸಿದೆ, ಲೆಕ್ಕ ಕೂಡಲಿಲ್ಲ, ಇಬ್ಬರೂ ಮತ್ತೆ ಎಣಿಸಿದೆವು. ಆಮೇಲೆ ಹೊರಗಿನ ಲ್ಯಾಬಿಗೆ ಕಳಿಸಿದ್ದೂ ಪಾಸಾಯಿತು. ಫಾರಂನ ಗಿನಿ ಬೀಜ ಅಷ್ಟು ಚೆನ್ನಾಗಿ ಹುಟ್ಟಿದ್ದು ಅದೇ ಮೊದಲು.

"ಗುಡಿಸಿದ್ದೇ ಛಲೋ ಆತಲ್ರಿ. ಇಷ್ಟ ವರ್ಷ ಯಾಕ ಗುಡಿಸಿರಲಿಲ್ಲ?" ಎಂದರು ಮೇಡಂ.

ಇಷ್ಟು ವರ್ಷ ಬೀಜ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳುವವಳು ಇದ್ದಳು.

ತಾಕು ಉಳಿಯಿತು. ಮರು ವರ್ಷದಿಂದ ಮೇಡಂ ಅದನ್ನು ಕ್ರಮಕ್ಕೆ ತಂದರು. ಬುಡಗಳ ನಡುವೆ ಅಂತರ ಹೆಚ್ಚಿಸಿದರು. ತೆನೆ ಬಿಚ್ಚುವ ಮುಂಚೆ ನೆಲವನ್ನು ಕಳೆ ತೆಗೆದು, ನೀರು ಚಿಮುಕಿಸಿ, ಕಲ್ಲಿನ ಗುಂಡು ಎಳೆದು ಕಣದಂತೆ ಗಟ್ಟಿ ಮಾಡಿಸಿದರು. ಈಗ ಮಣ್ಣು ಅಷ್ಟು ಬರುವುದಿಲ್ಲ. ಬೀಜ ತಾನಾಗಿ ಬೀಳುವವರೆಗೆ ಕಾದು, ಹುಲ್ಲು ಕೊಯ್ದು, ಗುಡಿಸಿಕೊಳ್ಳುತ್ತೇವೆ. ಒಂದು ದಿನ ಹಿಂದೆ ಮುಂದೆ ಆದರೆ ಭಯವಿಲ್ಲ. ಮಳೆಯೊಂದು ಬರಬಾರದು, ಅಷ್ಟೇ. ಹೊಸಬರು ಒಂದೇ ವಾರದಲ್ಲಿ ಕಲಿಯುತ್ತಾರೆ. ಅದು ಸಂತೋಷದ ಮಾತು. ಸಿದ್ದಕ್ಕನ ಕೈ ಬೇಡವಾದ ಒಂದು ಕ್ರಮ ಅವಳಿಗಾಗಿ ನಾವು ಸುಮ್ಮನೆ ಕೂತ ಮೂರು ದಿನಗಳಿಂದ ಬಂತು. ಇದನ್ನು ಸಂತೋಷ ಅನ್ನಬೇಕೋ ಏನನ್ನಬೇಕೋ ನನಗೆ ಇನ್ನೂ ಗೊತ್ತಿಲ್ಲ. ಅವಳಿಗೆ ಹೇಳಿದ್ದರೆ ಮೊದಲು ಬೈದು ಆಮೇಲೆ ಪೊರಕೆ ಕೇಳುತ್ತಿದ್ದಳು ಅಂತ ಮಾತ್ರ ಗೊತ್ತು.

ಆ ಮುಂಗಾರಿಗೆ ಮೊದಲ ಚೀಲ ಕೌದಳ್ಳಿ ಕಡೆಗೆ ಹೋಯಿತು. ಮಾದಪ್ಪ ಭಾವ ತಮ್ಮ ಬದುವಿಗೂ ಎರಚಿದರು. ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಹುಲ್ಲು ಎದೆ ಮಟ್ಟಕ್ಕೆ ಬಂದಿದೆ. ಈ ವರ್ಷ ಆಗಲೇ ಎರಡು ಕೊಯ್ಲು ಆಗಿದೆಯಂತೆ. ಒಂದು ಸಾಲನ್ನು ಕೊಯ್ಯದೆ ತೆನೆಗೆ ಬಿಟ್ಟಿದ್ದರು. "ಪಕ್ಕದೋರು ಕೇಳ್ತಾರ ಕಣವ್ವ, ಬಿತ್ನೆಗೆ" ಎಂದರು. ಅವರ ಪಕ್ಕದವರ ಬದುವಿನ ಮೇಲೂ ಚಿಕ್ಕ ಚಿಕ್ಕ ಬುಡಗಳು ಕಂಡವು. ಯಾರೂ ನೆಟ್ಟದ್ದಲ್ಲ, ಗಾಳಿಗೆ ಹೋಗಿ ಹುಟ್ಟಿದ್ದು.

ಹೊಸಬರಿಗೆ ಹೇಳುವುದು ಇನ್ನು ಸ್ವಲ್ಪವೇ ಇದೆ. ಗಿನಿ ಹುಲ್ಲಿನ ಬಗ್ಗೆ ನೀವು ಹೆದರಬೇಕಾಗಿಲ್ಲ. ಸ್ಟೈಲೋ, ಬೇಲಿಮೆಂತ್ಯ, ಅಲಸಂದೆ, ಇವುಗಳ ಬಗ್ಗೆಯೂ ಬೇಡ. ಒಲೆ ಬಿಟ್ಟು ಏಳಬೇಡಿ, ಬೀಜ ಸತ್ತಿದೆ ಎಂದು ಬರೆಯುವ ಮುಂಚೆ ಒಂದು ಬೇಸಿಗೆ ಕಾಯಿರಿ. ತಪ್ಪಾದರೆ ಅದೇ ಪುಟದಲ್ಲಿ ಬರೆದು ಸಹಿ ಹಾಕಿ.

ಹನೂರಿನ ಕಲ್ಲುನೆಲಕ್ಕೆ ಗಿನಿಗಿಂತಲೂ ಚೆನ್ನಾಗಿ ಹೊಂದುವುದು ಅಂಜನ್ ಹುಲ್ಲು. ಅದರ ತಾಕು ಬೇಲಿಯ ಆಚೆ ಚಿಕ್ಕದಾಗಿ ಇದೆ. ಆ ಬೀಜ ಹತ್ತಿಯಂತೆ ಹಗುರ, ಮೈಯೆಲ್ಲ ಕೂದಲು. ನೆಲಕ್ಕೆ ಬಿದ್ದರೆ ಗುಡಿಸುವುದಕ್ಕೆ ಸಿಗುವುದಿಲ್ಲ, ಗಾಳಿ ಎತ್ತಿಕೊಂಡು ಹೋಗುತ್ತದೆ. ಅದನ್ನು ಕೈಯಲ್ಲೇ ಎಳೆಯಬೇಕು, ಸರಿಯಾದ ದಿನವೇ ಎಳೆಯಬೇಕು. ಸುಜಾತಾ ಮೇಡಂ ಹೂವು ಬಿಟ್ಟ ದಿನದಿಂದ ಎಣಿಸಿ ಪಟ್ಟಿ ಮಾಡಿದ್ದಾರೆ. ಬಣ್ಣದ ಫೋಟೋ ತೆಗೆದಿದ್ದಾರೆ. ನಾನೂ ಕರೆದಾಗಲೆಲ್ಲ ಹೋಗಿ ಮುಷ್ಟಿಯಲ್ಲಿ ತೆನೆ ಎಳೆದು ನೋಡಿ ಒಂದು ದಿನ ಹೇಳುತ್ತೇನೆ. ಒಂದು ವರ್ಷ ಸರಿಯಾಗುತ್ತದೆ, ಎರಡು ವರ್ಷ ತಪ್ಪುತ್ತದೆ. ಮೇಡಂ ಬೇಸರ ಮಾಡಿಕೊಳ್ಳದೆ ಪಟ್ಟಿಗೆ ಇನ್ನೊಂದು ಸಾಲು ಸೇರಿಸುತ್ತಾರೆ.

ಅಂಜನ್ ಹುಲ್ಲಿಗೆ ದಿನ ಹೇಳುವವರು ನಮ್ಮಲ್ಲಿ ಇನ್ನೂ ಯಾರೂ ಇಲ್ಲ.